ಎಬ್ಬಿಸಿದ ಆಮೆ

ತಲೆ, ಕಾಲು ಎಲ್ಲವನ್ನೂ ಒಳಗೆಳೆದುಕೊಂಡು ಆ ಆಮೆ ಬಾವಿಕಟ್ಟೆಯ ಮೇಲೆ ಬಿದ್ದಿತ್ತು. ಸುತ್ತ ನಮ್ಮ ಓಣಿಯ ಹೆಂಗಸರು ಸಾವಿನ ಮನೆಯಲ್ಲಿ ನಿಂತಂತೆ ನಿಂತಿದ್ದರು.

ಅದು ಮೈ ಕೊರೆಯುವ ಮಾಗಿ. ಹಗ್ಗ ಹರಿದು ಕೊಡ ಬಾವಿಗೆ ಬಿದ್ದಿತ್ತು. ಅದನ್ನು ತೆಗೆಯಲು ಮುಳುಗಿದ ಈರಯ್ಯ, ತಳದ ಕೆಸರಿನ ಜೊತೆ ಆಮೆಯನ್ನೂ ಮೇಲೆ ತಂದಿದ್ದ. ನೀರು ತಿಳಿಯಾಗಿರಲೆಂದು ಬಾವಿಗೆ ಆಮೆ ಬಿಡುವುದು ನಮ್ಮೂರಿನ ವಾಡಿಕೆ. ಇದನ್ನು ಬಿಟ್ಟವರು ಪಕ್ಕದ ಮನೆಯ ಪುಟ್ಟತಾಯಕ್ಕನ ಅಪ್ಪ. ಮಗಳನ್ನು ಗಂಡನ ಮನೆಗೆ ಬಿಡಲು ಬಂದಾಗ ತಂಬಿಗೆಯಲ್ಲಿ ತಂದಿದ್ದರಂತೆ. ತವರಿನವರೆಲ್ಲ ಒಬ್ಬೊಬ್ಬರಾಗಿ ತೀರಿಹೋದ ಮೇಲೆ ಅವಳಿಗೆ ತವರೆಂದು ಉಳಿದದ್ದು ಇದೊಂದೇ.

"ಚಳಿಗೆ ಮಲಗೈತೆ ಕಣ್ರವ್ವ. ಇದ್ದಲ್ಲಿಗೇ ಬಿಟ್ಬಿಡ್ತೀನಿ," ಎಂದ ಈರಯ್ಯ.

"ಸತ್ತಿದ್ದನ್ನ ಕುಡಿಯೋ ನೀರಿಗೆ ಹಾಕ್ತೀಯೇನೋ? ಜೀವ ಇದೆ ಅಂತ ತೋರಿಸು, ಆಮೇಲೆ ಬಿಡು!" ಎಂದು ಹೆಂಗಸರು ಅಡ್ಡ ನಿಂತರು.

ನನಗೋ ಬಾಯಿ ಜಾಸ್ತಿ, ತಿಳುವಳಿಕೆ ಅಷ್ಟಿರಲಿಲ್ಲ. "ನಾನು ತೋರಿಸ್ತೀನಿ ತಾಳಿ," ಎಂದು ಆಮೆಯನ್ನು ಸೆರಗಿನಲ್ಲಿ ಸುತ್ತಿ ತಂದು ನಮ್ಮ ಬಚ್ಚಲೊಲೆಯ ಪಕ್ಕ ಇಟ್ಟೆ. ಹಿಂದಿನಿಂದ ಈರಯ್ಯ "ಬ್ಯಾಡ ಕಣವ್ವ" ಎಂದದ್ದು ಕಿವಿಗೆ ಬಿದ್ದಿತ್ತು. ಲಕ್ಷ್ಯ ಕೊಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಕಾಲು ಹೊರಬಂತು, ಆಮೇಲೆ ಕತ್ತು. ಪುಟ್ಟತಾಯಕ್ಕ ನನ್ನ ಕೆನ್ನೆ ಹಿಡಿದು ಅತ್ತೇಬಿಟ್ಟಳು. ಓಣಿಗೆಲ್ಲ ನಾನೇ ಬೆಲ್ಲ ಹಂಚಿದೆ, ದೊಡ್ಡ ಸಾಧನೆ ಮಾಡಿದವಳ ಹಾಗೆ.

ಅಂದೇ ಬಾವಿಗೆ ಬಿಟ್ಟೆವು. ಆಮೆ ತಳಕ್ಕೆ ಇಳಿಯಲೇ ಇಲ್ಲ. ಮರುದಿನವೂ ನೀರಿನ ಮೇಲೆಯೇ ಕಾಲು ಬಡಿಯುತ್ತಿತ್ತು. ಮೇಲೆತ್ತಿ ಸೊಪ್ಪು, ಅನ್ನ, ಎರೆಹುಳು ಮುಂದಿಟ್ಟೆವು. ಒಂದಕ್ಕೂ ಬಾಯಿ ತೆರೆಯಲಿಲ್ಲ. ಈರಯ್ಯನಿಗೆ ಹೇಳಿಕಳಿಸಿದೆ.

"ಮಲಗೋಕೆ ಮುಂಚೆ ಹೊಟ್ಟೆ ಖಾಲಿ ಮಾಡ್ಕೊಂಡಿರ್ತದೆ," ಎಂದ ಅವನು. "ಮೈಯಾಗಿದ್ದ ಕಸುವೆಲ್ಲ ಎದ್ದು ಒದ್ದಾಡಿ ಹೋಯ್ತು. ಈ ಚಳಿಗೆ ತಿಂದ್ರೂ ಅರಗಲ್ಲ."

"ಮತ್ತೆ ಮಲಗಿಸೋಕೆ ಆಗಲ್ವಾ?"

"ಅದು ನಮ್ಮ ಕೈಲಿಲ್ಲ ಕಣವ್ವ."

ಅಯ್ಯೋ, ಅದನ್ನು ನೋಡುತ್ತ ಕೂತ ಆ ನಾಲ್ಕು ದಿನ ಯಾರಿಗೂ ಬೇಡ. ಐದನೆಯ ಬೆಳಿಗ್ಗೆ ಕತ್ತು ಚಾಚಿಕೊಂಡೇ ಸುಮ್ಮನಾಗಿತ್ತು. ಮುಟ್ಟಿದೆ. ಒಳಗೆಳೆದುಕೊಳ್ಳಲಿಲ್ಲ.

ಪುಟ್ಟತಾಯಕ್ಕನ ಮುಖ ಅರಳಿತು. "ಸದ್ಯ, ಮಲಗ್ತು ನೋಡೇ!"

ಹೇಳಬೇಕೆಂದು ಬಾಯಿ ತೆರೆದೆ. ಎಲ್ಲರೂ ಸತ್ತಿದೆ ಎಂದಾಗ ಇಲ್ಲವೆಂದು ತೋರಿಸಿದವಳು ನಾನೇ. ಈಗ ಯಾವ ಬಾಯಲ್ಲಿ ಹೇಳಲಿ? ಅವಳು ಬುಟ್ಟಿಗೆ ಹಸಿ ಮಣ್ಣು ಹಾಸಿ, ಆಮೆಯನ್ನು ಮಲಗಿಸಿ, ತನ್ನ ಹಳೆಯ ಸೀರೆ ಹೊದಿಸಿದಳು. ನಾನು ಬುಟ್ಟಿ ಹಿಡಿದುಕೊಂಡು ನಿಂತಿದ್ದೆ.

ಮೂರು ದಿನ ಬಿಟ್ಟು ಅವಳ ಮನೆಗೆ ಹೋದಾಗ ಹೊಸ್ತಿಲಲ್ಲೇ ವಾಸನೆ ಮೂಗಿಗೆ ಬಡಿಯಿತು. ಬುಟ್ಟಿಯ ಪಕ್ಕ ಒಂದು ಹಿಡಿ ಊದುಬತ್ತಿ ಹಚ್ಚಿಟ್ಟು ಪುಟ್ಟತಾಯಕ್ಕ ಗೋಡೆಗೊರಗಿ ಕೂತಿದ್ದಳು. ಕಣ್ಣು ಕೆಂಪಗಾಗಿದ್ದವು.

"ಅಕ್ಕಾ..." ಎಂದೆ.

ಅವಳು ತುಟಿಯ ಮೇಲೆ ಬೆರಳಿಟ್ಟಳು. "ಮೆಲ್ಲಗೆ ಮಾತಾಡೇ. ಎಚ್ಚರ ಆಗ್ಬಿಡುತ್ತೆ."

ನಾನು ದನಿ ತಗ್ಗಿಸಿದೆ.