ಏಳು ಮಂದಿಯ ಅಪ್ಪ

ಕಾಲೇಜಿನ ಕಡತದ ಪ್ರಕಾರ ನಾನು ಏಳು ಮಂದಿಗೆ ಅಪ್ಪ.

ಹೊಸೂರಿನಾಚೆ ಹೆದ್ದಾರಿ ಪಕ್ಕದ ನಮ್ಮ ಕಾಲೇಜಿನಲ್ಲಿ ಯಾರಾದರೂ ಎರಡು ದಿನ ಬರದಿದ್ದರೆ ಆಫೀಸಿನಿಂದ ಮನೆಗೆ ಫೋನು ಹೋಗುತ್ತದೆ. ಅದಕ್ಕೇ ಏಳು ಮಂದಿ ಸ್ನೇಹಿತರು ತಂದೆಯ ನಂಬರಿನ ಜಾಗದಲ್ಲಿ ನನ್ನ ಎರಡನೇ ಸಿಮ್ಮಿನ ನಂಬರು ಬರೆದಿದ್ದರು. ಯಾವ ಅಪ್ಪ ಕೆಮ್ಮಿ ಮಾತು ಶುರು ಮಾಡುತ್ತಾನೆ, ಯಾವ ಅಪ್ಪ ತಮಿಳಿನಲ್ಲಿ ಹೊರಟು ತೆಲುಗಿನಲ್ಲಿ ಮುಗಿಸುತ್ತಾನೆ, ಎಲ್ಲ ನನ್ನ ಗಂಟಲಲ್ಲಿತ್ತು. ನಕಲಿ ಅಪ್ಪಂದಿರಲ್ಲಿ ನಾನೇ ಅಪ್ಪಟ ಎಂದು ಕ್ಯಾಂಟೀನಿನಲ್ಲಿ ಎಲ್ಲರನ್ನೂ ನಗಿಸುತ್ತಿದ್ದೆ.

ಆ ಏಳರಲ್ಲಿ ದಿವ್ಯ ಒಬ್ಬಳು. ರಾಯಕೋಟೆ ಕಡೆಯವಳು. ಅವಳಪ್ಪ ಮುತ್ತರಾಯಪ್ಪ ಟೊಮೇಟೊ ಬೆಳೆಯುತ್ತಾನೆ. ಮಗಳನ್ನು ಸೇರಿಸಲು ಬಂದ ದಿನ ಆಫೀಸಿನ ಮುಂದೆ ಅವನ ಮಾತು ಅರ್ಧ ಗಂಟೆ ಕೇಳಿದ್ದೆ. ನನಗೆ ಅಷ್ಟು ಸಾಕು.

ಮೂರನೇ ವರ್ಷದಲ್ಲಿ ಲ್ಯಾಬ್ ನೋಡಿಕೊಳ್ಳುವ ಸುಬ್ರಮಣಿ, ರೆಕಾರ್ಡ್ ಬುಕ್ಕಿಗೆ ಸಹಿ ಬೇಕಾದರೆ ಒಬ್ಬಳೇ ಬಾ ಎಂದು ಅವಳನ್ನು ಕರೆದು ಚಿಲಕ ಹಾಕಿದ್ದ. ಎರಡನೇ ಸಲ ಹಾಗಾದಾಗ ಬಳೆ ಒಡೆದು ಅವಳ ಮಣಿಕಟ್ಟು ಸೀಳಿತ್ತು. ಅವಳು ಎರಡು ಪುಟ ದೂರು ಬರೆದು ಪ್ರಿನ್ಸಿಪಾಲರ ಕೈಗೆ ಕೊಟ್ಟಳು. "ಮೊದಲು ನಿಮ್ಮಪ್ಪನ ಹತ್ರ ಮಾತಾಡ್ತೀನಿ," ಎಂದರಂತೆ ಅವರು.

"ಫೋನು ನಿಂಗೇ ಬತ್ತದೆ, ಗೋಪಿ," ಎಂದಳು ದಿವ್ಯ. "ದೂರು ವಾಪಸ್ ತಗೊಳ್ಳಲ್ಲ ಅಂತ ಯೋಳು. ಅಷ್ಟೇ. ನಮ್ಮಪ್ಪಂಗೆ ನಿಜವಾಗ್ಲೂ ಗೊತ್ತಾದ್ರೆ ನಾಳೆಯಿಂದ ನಂಗೆ ಕಾಲೇಜಿಲ್ಲ."

"ಬೇಕಾದ್ರೆ ಅಪ್ಪನ ಕೈಲಿ ನಾಲ್ಕು ಬಯ್ಸ್ತೀನಿ."

ಅವಳು ನಗಲಿಲ್ಲ.

ಮಧ್ಯಾಹ್ನ ಟೀ ಅಂಗಡಿಯ ಹಿಂದೆ ನಿಂತಿದ್ದಾಗ ಫೋನು ಬಂತು. ಪ್ರಿನ್ಸಿಪಾಲರ ದನಿಗೆ ಬೆಣ್ಣೆ ಹಚ್ಚಿದಂತಿತ್ತು.

"ಮುತ್ತರಾಯಪ್ಪನವರೇ, ನಿಮ್ಮ ಮಗಳು ಒಳ್ಳೆ ಹುಡುಗಿ. ಇದು ಊರಿಗೆಲ್ಲ ಗೊತ್ತಾದ್ರೆ ನಾಳೆ ಯಾರು ಬಂದು ಹೆಣ್ಣು ಕೇಳ್ತಾರೆ? ಅವನಿಗೆ ನಾನು ಬುದ್ಧಿ ಹೇಳ್ತೀನಿ. ಕಾಗದ ಇಲ್ಲೇ ಇರಲಿ. ಏನಂತೀರಾ?"

ಆಗಲ್ಲ ಎನ್ನಲು ಬಾಯಿ ತೆರೆದೆ. ಆದರೆ ಬಾಯಲ್ಲಿದ್ದುದು ಮುತ್ತರಾಯಪ್ಪನ ದನಿ. ಜೇಬಿನಲ್ಲಿ ಪೆನ್ನಿರುವ ಯಾರ ಮುಂದೆಯೂ ಆಗಲ್ಲ ಎಂದು ಆ ದನಿಗೆ ಅಭ್ಯಾಸವಿಲ್ಲ. ಹಾಗೆಂದರೆ ಅದು ಅವನ ದನಿಯೇ ಅಲ್ಲ, ಸಿಕ್ಕಿಬೀಳುತ್ತೇನೆ ಅನ್ನಿಸಿತು. ಎರಡು ಸಲ ಗಂಟಲು ಸರಿಮಾಡಿಕೊಂಡು ಹೇಳಿದೆ: "ನಿಮ್ಮಿಷ್ಟ ಸಾ. ನಾವೇನ್ ಬಲ್ಲೋ."

ತಂದೆ ಒಪ್ಪಿದ್ದಾರೆ ಎಂದು ಕಡತದಲ್ಲಿ ಬರೆದರು.

ದಿವ್ಯ ನನ್ನ ಮುಖವನ್ನೇ ನೋಡುತ್ತ ಎಲ್ಲ ಕೇಳಿಸಿಕೊಂಡಳು. "ಅಷ್ಟು ಯೋಳಕ್ಕೆ ನಮ್ಮಪ್ಪನೇ ಸಾಕಾಗಿತ್ತು," ಎಂದು ಹೊರಟುಹೋದಳು.

ಎರಡು ದಿನ ನನಗೆ ಯಾರ ದನಿಯೂ ಬರಲಿಲ್ಲ. ಮೂರನೇ ದಿನ ದೂರು ಸಮಿತಿಯ ವೆಂಕಟಲಕ್ಷ್ಮಿ ಮೇಡಂ ಹತ್ತಿರ ಹೋಗಿ ಎಲ್ಲ ಒಪ್ಪಿಕೊಂಡೆ.

"ಅವಳಿಗೆ ಇಪ್ಪತ್ತು ವರ್ಷ," ಎಂದರು ಮೇಡಂ. "ಅಪ್ಪನ್ನ ಯಾಕೆ ಕೇಳ್ಬೇಕಿತ್ತು? ಆ ಕಾಗದ ನೇರವಾಗಿ ನನ್ನ ಟೇಬಲ್ಲಿಗೆ ಬರ್ಬೇಕಿತ್ತು." ಅವರು ಕಡತ ತರಿಸಿಕೊಂಡು ಬುಧವಾರ ಹನ್ನೊಂದಕ್ಕೆ ವಿಚಾರಣೆ ಇಟ್ಟರು. ನನ್ನನ್ನು ಒಂದು ಸೆಮಿಸ್ಟರ್ ಹೊರಗಿಟ್ಟರು. ಅದು ನ್ಯಾಯವೇ. ಆದರೆ ಆಫೀಸಿನವರು ಅದೇ ದಿನ ಏಳೂ ಅಪ್ಪಂದಿರ ನಿಜವಾದ ನಂಬರು ಹುಡುಕಿ ತೆಗೆದು, ಮೊದಲ ಫೋನನ್ನು ಮುತ್ತರಾಯಪ್ಪನಿಗೆ ಮಾಡಿದರು. ಮರುದಿನದಿಂದ ದಿವ್ಯ ಬರಲಿಲ್ಲ. ಅವಳ ಫೋನು ಆಫ್ ಆಗಿತ್ತು. ಅವಳೇ ಬಂದು ಹೇಳದಿದ್ದರೆ ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ ಎಂದಿದ್ದರು ಮೇಡಂ.

ಸೋಮವಾರ ಬೆಳಿಗ್ಗೆ ರಾಯಕೋಟೆ ಬಸ್ಸು ಹತ್ತಿದೆ. ಮಾರ್ಕೆಟ್ಟಿನಲ್ಲಿ ಮುತ್ತರಾಯಪ್ಪ ಟೊಮೇಟೊ ಕ್ರೇಟುಗಳನ್ನು ಇಳಿಸುತ್ತಿದ್ದ.

"ಯಾರ್ಲಾ ನೀನು?"

"ನಿಮ್ಮ ದನೀಲಿ ಫೋನಲ್ಲಿ ಮಾತಾಡಿದೋನು ನಾನೇ ಅಣ್ಣಾ."

ಹೊಡೆಯುತ್ತಾನೆ ಎಂದುಕೊಂಡೆ. ಅವನು ಕ್ರೇಟು ಕೆಳಗಿಟ್ಟ. "ಏನಂದೆ ಅವತ್ತು? ಮಾಡು, ಕೇಳ್ತೀನಿ."

"ಬ್ಯಾಡ ಅಣ್ಣಾ."

"ಮಾಡ್ಲಾ."

ಮಾಡಿದೆ. ಎರಡು ಸಲ ಗಂಟಲು ಸರಿಮಾಡಿಕೊಂಡು, ಕತ್ತು ತಗ್ಗಿಸಿ, "ನಿಮ್ಮಿಷ್ಟ ಸಾ. ನಾವೇನ್ ಬಲ್ಲೋ." ಪಕ್ಕದ ಹಮಾಲಿಗಳು ಹೋ ಎಂದು ನಕ್ಕರು. "ಅಚ್ಚು ನೀನೇ ಕಣಣ್ಣೋ," ಎಂದ ಒಬ್ಬ.

ಮುತ್ತರಾಯಪ್ಪ ನಗಲಿಲ್ಲ. "ಆಫೀಸಿಂದ ನಂಗೆ ಫೋನ್ ಬಂದಾಗ ನಾನೂ ಇದ್ನೇ ಯೋಳಿದ್ದು," ಎಂದ. "ಒಂದ್ ಮಾತೂ ಆ ಕಡೆ ಈ ಕಡೆ ಇಲ್ಲ."

ಟವೆಲಿನಿಂದ ಕೈ ಒರೆಸಿಕೊಂಡ. ಮುಂದಿನ ವಾರ ಮಗಳನ್ನು ಮೊಬೈಲ್ ಕಂಪನಿ ಕೆಲಸಕ್ಕೆ ಸೇರಿಸುವುದಾಗಿದೆಯಂತೆ, ಅವರದೇ ಹಾಸ್ಟೆಲ್ ಇದೆಯಂತೆ. ಬಳೆ ಚುಚ್ಚಿದ್ದು ಹೇಗೆ ಎಂದು ಅವಳಮ್ಮ ಶ್ಯಾಮಲಮ್ಮ ಕೇಳಿದ್ದಕ್ಕೆ ಬಾಗಿಲಿಗೆ ತಗುಲಿತು ಎಂದಳಂತೆ.

"ಅವ್ಳ ದನಿ ಮಾಡಕ್ಕೆ ಬತ್ತದಾ ನಿಂಗೆ?"

"ಇಲ್ಲ ಅಣ್ಣಾ."

"ಆ ದೂರಲ್ಲಿ ಏನ್ ಬರ್ದಿದ್ಲು?"

ಗೊತ್ತಿದ್ದಷ್ಟು ಹೇಳಿದೆ, ನನ್ನ ದನಿಯಲ್ಲೇ. ಅದು ಇಷ್ಟು ಸಣ್ಣಗಿದೆ ಎಂದು ನನಗೆ ಗೊತ್ತಿರಲಿಲ್ಲ. ಬುಧವಾರ ಹನ್ನೊಂದು ಗಂಟೆ ಎಂದೂ ಹೇಳಿದೆ. ಅವನು ಕ್ರೇಟು ಎತ್ತಿಕೊಂಡು ಮಂಡಿಯೊಳಗೆ ಹೋದ.

ಬುಧವಾರ ನಾನು ಕಾಲೇಜಿನ ಗೇಟಿನ ಹೊರಗೆ ನಿಂತಿದ್ದೆ. ಒಳಗೆ ಬಿಡುವಂತಿಲ್ಲ. ಹತ್ತೂವರೆಗೆ ಸುಬ್ರಮಣಿ ಬೈಕಿನಲ್ಲಿ ಬಂದು, ವಾಚ್‌ಮನ್ನನ ಜೊತೆ ಏನೋ ತಮಾಷೆ ಮಾಡಿ ಒಳಗೆ ಹೋದ. ಅವನ ಹಿಂದೆ ಅವನ ಪರವಾಗಿ ಮಾತಾಡಲು ಇಬ್ಬರು ಮೇಷ್ಟ್ರು. ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಬಸ್ಸು ನಿಂತಿತು. ದಿವ್ಯ ಇಳಿದಳು, ಹಿಂದೆ ಶ್ಯಾಮಲಮ್ಮ. ನನ್ನ ಕಡೆ ನೋಡದೆ ಇಬ್ಬರೂ ಒಳಗೆ ನಡೆದರು. ಕೊನೆಗೆ ಮುತ್ತರಾಯಪ್ಪ ಇಳಿದು, ಗೇಟಿನ ತನಕ ಹೋಗಿ, ತಿರುಗಿ ಬಂದು ನನ್ನ ಪಕ್ಕ ಕುಕ್ಕರಗಾಲಿನಲ್ಲಿ ಕೂತ.

"ನೀವೂ ಹೋಗಿ ಅಣ್ಣಾ. ನಿಮ್ಮನ್ನ ಬುಡ್ತಾರೆ."

"ಬ್ಯಾಡ," ಎಂದ, ಗೇಟನ್ನೇ ನೋಡುತ್ತ. "ನಾನ್ ಒಳಗೋದ್ರೆ ಮತ್ತೆ ಅದ್ನೇ ಅಂದ್ಬುಡ್ತೀನಿ."