ಗಾಜಿನ ಪೆಟ್ಟಿಗೆಯ ಉಗುರುಕತ್ತರಿ

ನಾನು ಒಂದು ಉಗುರುಕತ್ತರಿ. ಗಾಜಿನ ಪೆಟ್ಟಿಗೆಗೆ ಅಂಟಿಸಿರುವ ಚೀಟಿ ಬೇರೇನೋ ಹೇಳುತ್ತದೆ. ಅದನ್ನು ನಂಬಬೇಡಿ.

ನಾನು ಹುಟ್ಟಿದ್ದು ತಗಡಿನ ಶೆಡ್ಡೊಂದರಲ್ಲಿ. ಒಂದೇ ದಿನ ನನ್ನಂಥವು ಸಾವಿರಾರು ಹುಟ್ಟಿದವು. ಯಾರೋ ನಮ್ಮ ಮೂತಿಯನ್ನು ಚೂರು ಬಾಗಿಸಿದರು. ಉಗುರಿನ ಮೂಲೆ ಸುತ್ತಿ ಬರಲು ಆ ಬಾಗು ಬೇಕು. ಹಿಡಿಯ ಕೆಳಗೆ, ಸಣ್ಣ ಅಕ್ಷರದಲ್ಲಿ ‘ಸ್ಟೇನ್‌ಲೆಸ್’ ಎಂದು ಒತ್ತಿದರು. ಅಲ್ಲಿಂದ ಹಾಂಗ್‌ಕಾಂಗಿನ ಅಂಗಡಿಯೊಂದಕ್ಕೆ ಹೋದೆ. ಒಂದು ಭಾನುವಾರ ಡೆಲಿಯಾ ಎಂಬ ಫಿಲಿಪೀನ್ಸಿನ ಹೆಂಗಸು ನನ್ನನ್ನು ಆರಿಸಿಕೊಂಡಳು. ಆಕೆ ಅಲ್ಲಿ ಮನೆಗೆಲಸ ಮಾಡುತ್ತಿದ್ದಳು. ರಜೆ ಇದ್ದದ್ದು ಆ ಒಂದು ದಿನ. ಸೋಪು, ಟವೆಲು, ಚಾಕಲೇಟುಗಳ ಜೊತೆ ನನ್ನನ್ನೂ ದೊಡ್ಡ ರಟ್ಟಿನ ಪೆಟ್ಟಿಗೆಗೆ ತುಂಬಿ ಊರಿಗೆ ಕಳಿಸಿದಳು. ಜೊತೆಗೆ ಚೀಟಿ: ‘ಲೂರಿಂಗ್, ಇದು ಸಂತೆ ಮಾಲಲ್ಲ. ಕಳಕೊಂಡ್ಯೋ, ಬಂದು ಚರ್ಮ ಸುಲೀತೀನಿ.’

ಲೂರಿಂಗ್ ಆಕೆಯ ತಂಗಿ. ಬುಲಾಕಾನ್ ಪ್ರಾಂತ್ಯದ ಒಂದು ಊರಿನಲ್ಲಿ ಮನೆಮನೆಗೆ ಹೋಗಿ ಹೆಂಗಸರ ಉಗುರು ಕತ್ತರಿಸಿ ಬಣ್ಣ ಹಚ್ಚುವುದು ಅವಳ ಕೆಲಸ. ಒಂದು ಪ್ಲಾಸ್ಟಿಕ್ ಬುಟ್ಟಿ, ಕುಳ್ಳ ಸ್ಟೂಲು, ಹಿಮ್ಮಡಿ ಉಜ್ಜುವ ಕಲ್ಲು. ನಾನು ಬಂದ ದಿನವೇ ಬೆರಳು ತೂರಿಸುವ ನನ್ನ ಬಳೆಯ ಒಳಮೈಗೆ ಕೆಂಪು ಉಗುರುಬಣ್ಣದ ಎರಡು ಚುಕ್ಕೆ ಇಟ್ಟಳು. ಆ ಕಸುಬಿನವರೆಲ್ಲ ಹೀಗೆ ಗುರುತು ಹಾಕಿಕೊಳ್ಳುತ್ತಾರೆ.

ಆಮೇಲೆ ನಾನು ಕಂಡದ್ದು ಊರಿನ ಕಾಲುಗಳು. ಮುಖಕ್ಕೆ ಪೌಡರು ಹಚ್ಚಿದವರ ಒಡೆದ ಹಿಮ್ಮಡಿ, ಮಣ್ಣು ಕೂತ ಬೆರಳ ಸಂದು. ಲೂರಿಂಗ್ ತಲೆ ತಗ್ಗಿಸಿ ಕೂತಿರುತ್ತಿದ್ದಳು. ಊರಿನ ಸುದ್ದಿಯೆಲ್ಲ ಮೇಲಿನಿಂದ ಅವಳ ತಲೆಯ ಮೇಲೆ ಬೀಳುತ್ತಿತ್ತು. ಅವಳ ಕೈ ಒಂದು ದಿನವೂ ತಪ್ಪಲಿಲ್ಲ. ಆದರೂ ನನಗೆ ಆ ಕೆಲಸ ಹೇಸಿಗೆಯಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದಿನದೆಲ್ಲ ಅಲ್ಲಿಂದಲೇ ಬಂತು.

ಹದಿನೈದು ದಿನಕ್ಕೊಮ್ಮೆ ನಾವು ಮಾಯೆಸ್ತ್ರಾ ಕ್ಲೆಮೆನ್ಸಿಯಾ ಮನೆಗೆ ಹೋಗುತ್ತಿದ್ದೆವು. ಮಾಯೆಸ್ತ್ರಾ ಎಂದರೆ ಅಲ್ಲಿ ಮೇಡಂ. ಶಾಲೆಯಿಂದ ನಿವೃತ್ತಿಯಾಗಿದ್ದ ಆಕೆಗೆ ಒಂದು ಹವ್ಯಾಸವಿತ್ತು. ಆ ಸೀಮೆಯಲ್ಲಿ ಎಮ್ಮೆ ಹಾಲು ಬತ್ತಿಸಿ, ನಿಮ್ಮ ಪೇಡದಂಥ ಬೆರಳುದ್ದದ ಸಿಹಿ ಮಾಡುತ್ತಾರೆ. ಮದುವೆಗೆ, ಹಬ್ಬಕ್ಕೆ ಅದನ್ನು ಗಾಳಿಪಟದ ಕಾಗದದಂಥ ತೆಳು ಬಣ್ಣದ ಕಾಗದದಲ್ಲಿ ಸುತ್ತಿಡುತ್ತಾರೆ. ಕಾಗದದ ಉದ್ದನೆಯ ಬಾಲದಲ್ಲಿ ಹೂವು, ಹಕ್ಕಿ, ಬಿದಿರು ಮನೆ ಎಲ್ಲವನ್ನೂ ಕತ್ತರಿಯಿಂದಲೇ ಕೊರೆದಿರುತ್ತಾರೆ. ಇದಕ್ಕೆ ಪಬಾಲಾತ್ ಎಂದು ಹೆಸರು. ಸಿಹಿ ಬಾಯಲ್ಲಿ ಕರಗಿದ ಮೇಲೂ ಜನ ಆ ಕಾಗದವನ್ನು ಪುಸ್ತಕದ ನಡುವೆ ಇಟ್ಟುಕೊಳ್ಳುತ್ತಾರೆ. ಊರಿನಲ್ಲಿ ಅದನ್ನು ಬಲ್ಲವರು ಕೆಲವೇ ಜನ ಉಳಿದಿದ್ದರು. ಮಾಯೆಸ್ತ್ರಾ ಅವರಲ್ಲೊಬ್ಬಳು.

ಆ ದಿನ ಮಾಯೆಸ್ತ್ರಾಳ ಕಾಲು ಬೇಸಿನ್ನಿನ ಬಿಸಿನೀರಿನಲ್ಲಿತ್ತು.

“ಮಾಯೆಸ್ತ್ರಾ, ಈ ಹೆಬ್ಬೆರಳು ನೋಡಿ. ಎಮ್ಮೆ ಗೊರಸೇ ವಾಸಿ.”

“ಮೂವತ್ತು ವರ್ಷ ನಿಂತು ಪಾಠ ಹೇಳಿದ ಕಾಲು ಕಣೇ ಇದು. ನೀನೇನು ಕಮ್ಮಿ? ನನ್ನ ಕ್ಲಾಸಲ್ಲಿ ಲೆಕ್ಕ ಕೊಟ್ರೆ ಕೂತು ಉಗುರು ಕಡೀತಿದ್ದೆ.”

“ಈಗ ಊರವರದ್ದೆಲ್ಲ ನಾನೇ ತೆಗೀತಿದೀನಲ್ಲ. ಪಾಪ ಕಳೀತು ಬಿಡಿ!”

ಇಬ್ಬರೂ ನಕ್ಕರು. ಅಷ್ಟರಲ್ಲಿ ಮಳೆ ಹನಿಯಿತು. ಹೊರಗೆ ಒಣಹಾಕಿದ ಬಟ್ಟೆ ನೆನಪಾಗಿ ಲೂರಿಂಗ್ ಅವಸರದಲ್ಲಿ ಬುಟ್ಟಿ ಎತ್ತಿಕೊಂಡು ಓಡಿದಳು. ನಾನು ಒದ್ದೆ ಟವೆಲಿನ ಮಡಿಕೆಯಲ್ಲಿ ಅಲ್ಲೇ ಉಳಿದೆ.

ಮಾಯೆಸ್ತ್ರಾಗೆ ಮೊದಲು ಕೆಟ್ಟ ಯೋಚನೆ ಇರಲಿಲ್ಲ. ‘ನಾಳೆ ಕೊಟ್ಟರಾಯಿತು’ ಎಂದು ಕಪಾಟಿನ ಮೇಲಿಟ್ಟಳು. ಮರುದಿನ ಒಂದು ಮದುವೆಗೆ ಕಾಗದ ಕೊರೆಯುವುದಿತ್ತು. ಆಕೆಯ ಕತ್ತರಿ ಮೊಂಡಾಗಿತ್ತು. ನನ್ನನ್ನು ಕುದಿಯುವ ನೀರಿನಲ್ಲಿ ಅದ್ದಿ, ಒರೆಸಿ, ಕಾಗದದ ಮೇಲೆ ಇಟ್ಟಳು. ನನ್ನ ಬಾಗಿದ ಮೂತಿ ಹೂವಿನ ಎಸಳನ್ನು ಸುತ್ತಿ ಬಂತು. ಆಕೆ ಉಸಿರು ಹಿಡಿದಳು. ನಾನೂ ಹಿಡಿದೆ. ಉಗುರು ಟಕ್ಕೆಂದು ಹಾರುತ್ತಿತ್ತು. ಕಾಗದದಲ್ಲಿ ಸದ್ದೇ ಇಲ್ಲ.

ಮೂರನೆಯ ದಿನ ಲೂರಿಂಗ್ ಬಂದಳು.

“ಮಾಯೆಸ್ತ್ರಾ, ನನ್ನ ಕತ್ತರಿ ಇಲ್ಲೇನಾದ್ರೂ ಬಿಟ್ಟು ಹೋದ್ನಾ? ಎಲ್ಲ ಮನೆ ಕೇಳ್ಕೊಂಡು ಬಂದೆ.”

“ಇಲ್ವಲ್ಲ.”

“ಅಕ್ಕ ಕಳಿಸಿದ್ದು. ಅವಳಿಗೆ ಏನಂತ ಹೇಳ್ಲಿ?”

“ಬುಟ್ಟಿ ನೆಟ್ಟಗಿಟ್ಕೋಬೇಕು. ಶಾಲೇಲೂ ದಿನಾ ಪೆನ್ಸಿಲ್ ಕಳೀತಿದ್ದೆ.”

ಲೂರಿಂಗ್ ಮಂಡಿಯೂರಿ ಕುರ್ಚಿಯ ಕೆಳಗೆಲ್ಲ ಕೈಯಾಡಿಸಿದಳು. ನಾನು ಅವಳ ತಲೆಯಿಂದ ಒಂದು ಗೇಣು ದೂರದ ಬಿಸ್ಕತ್ತಿನ ಡಬ್ಬಿಯಲ್ಲಿ ಗುಲಾಬಿ ಕಾಗದದ ಕೆಳಗಿದ್ದೆ. ಕತ್ತರಿ ಕೂಗಲಾರದು, ನಿಜ. ಆದರೆ ಕೂಗಬೇಕೆಂದು ನನಗೆ ಅನ್ನಿಸಲೂ ಇಲ್ಲ. ಆ ಕೈ ನನ್ನವರೆಗೆ ಬರದಿರಲಿ ಎಂದುಕೊಂಡೆ. ಸುಳ್ಳು ಹೇಳಿದ್ದು ಮಾಯೆಸ್ತ್ರಾ. ಸಂತೋಷಪಟ್ಟಿದ್ದು ನಾನು.

ಲೂರಿಂಗ್ ಸಂತೆಯಿಂದ ಒಂದು ಹಗುರ ಕತ್ತರಿ ತಂದುಕೊಂಡಳು. ಅದರ ಅಲಗುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಮುಂದಿನ ಸಲ ಅದು ಜಾರಿ ಮಾಯೆಸ್ತ್ರಾಳ ಹೆಬ್ಬೆರಳಿಗೆ ತಗುಲಿತು. ಡಬ್ಬಿಯೊಳಗಿಂದ ನಾನು ಚೀರಾಟ ಕೇಳಿದೆ.

“ಕೈ ನಡುಗುತ್ತೆ ನಿಂಗೆ! ಇಂಥಾ ಕೈಲಿ ಯಾರ ಕಾಲು ಮುಟ್ತೀಯಾ? ನಾಳೆಯಿಂದ ಬರಬೇಡ.”

“ಕತ್ತರಿ ಸರಿಯಿಲ್ಲ ಮಾಯೆಸ್ತ್ರಾ. ಅದಿದ್ದಿದ್ರೆ…”

“ಅದು ಇದು ಅನ್ಬೇಡ.”

ಗಾಯ ವಾರದಲ್ಲಿ ಮಾಯಿತು. ಮಾತು ಮಾಯಲಿಲ್ಲ. ಚರ್ಚಿನ ಮೆಟ್ಟಿಲ ಮೇಲೆ ಮಾಯೆಸ್ತ್ರಾ ನಾಲ್ಕು ಜನರಿಗೆ ಹೇಳಿದಳು, ಅವರು ನಲವತ್ತು ಜನರಿಗೆ. ಮೇಡಂ ಮಾತಿಗೆ ಆ ಊರಿನಲ್ಲಿ ತೂಕ ಜಾಸ್ತಿ. ಒಂದೊಂದೇ ಮನೆಯ ಬಾಗಿಲು ಲೂರಿಂಗ್‌ಗೆ ಮುಚ್ಚಿತು. ಕೊನೆಗೆ ಅವಳು ಸಂತೆಯಲ್ಲಿ ಮೀನು ಹೆರೆಯುವ ಕೆಲಸಕ್ಕೆ ಕೂತಳಂತೆ. ಪಬಾಲಾತ್ ಕಲಿಯಲು ಬಂದವರು ಆಡಿಕೊಳ್ಳುತ್ತಿದ್ದುದನ್ನು ನಾನು ಕೇಳಿದೆ. ಕೇಳುತ್ತಲೇ ಹಕ್ಕಿಯ ರೆಕ್ಕೆ ಕತ್ತರಿಸಿದೆ.

ಮಾಯೆಸ್ತ್ರಾ ಒಂದು ಮಧ್ಯಾಹ್ನ ಪಿನ್ನಿನಿಂದ ನನ್ನ ಚುಕ್ಕೆಗಳನ್ನು ಕೆರೆದಳು. ಒಂದು ಹೋಯಿತು. ಇನ್ನೊಂದು ಬಳೆಯ ಸಂದಿನಲ್ಲಿತ್ತು, ಪೂರಾ ಹೋಗಲಿಲ್ಲ. “ಇಷ್ಟು ಚೆಂದದ ಕತ್ತರಿ ಎಲ್ಲಿಂದ?” ಎಂದು ಯಾರೋ ಕೇಳಿದರು. “ನಮ್ಮಮ್ಮಂದು,” ಎಂದಳು. ಮುಂದಿನ ವರ್ಷ ಅದು ಅಜ್ಜಿಯದಾಯಿತು. ಪತ್ರಿಕೆಯವರು ಬಂದಾಗ ಸ್ಪೇನಿನಿಂದ ಹಡಗಿನಲ್ಲಿ ಬಂತು. ಸುಳ್ಳಿಗೆ ನಾನು ವರ್ಷವರ್ಷ ಮುದುಕಿಯಾಗುತ್ತಾ ಹೋದೆ.

ಆಕೆಗೆ ಕಣ್ಣು ಮಂಜಾದಾಗ ಊರಿನವರು ಹಳೆಯ ಬಂಗಲೆಯೊಂದರಲ್ಲಿ ವಸ್ತುಸಂಗ್ರಹಾಲಯ ಮಾಡಿದರು. ಆಕೆಯ ಕಾಗದಗಳ ನಡುವೆ, ಎದೆಯೆತ್ತರದ ಗಾಜಿನ ಪೆಟ್ಟಿಗೆಯಲ್ಲಿ ನನ್ನನ್ನು ಇಟ್ಟರು. ಚೀಟಿ: ‘ನೂರು ವರ್ಷದ ಸ್ಪ್ಯಾನಿಷ್ ಕತ್ತರಿ. ಮನೆತನದ ಬಳುವಳಿ.’ ಅಡಿಯಲ್ಲಿ ‘ಸ್ಟೇನ್‌ಲೆಸ್’ ಎಂದಿರುವುದನ್ನು ಯಾರೂ ನೋಡಲಿಲ್ಲ. ನೋಡಲು ಬಗ್ಗಬೇಕಿತ್ತು.

ಆಕೆಗೆ ಎಂಬತ್ತೈದು ತುಂಬಿದ ದಿನ ಅಲ್ಲೇ ಸನ್ಮಾನ ಇಟ್ಟರು. ಗಾಲಿಕುರ್ಚಿಯಲ್ಲಿ ಕೂರಿಸಿ, ಫೋಟೊಗೆಂದು ನನ್ನ ಪಕ್ಕಕ್ಕೆ ತಂದರು. ಸಭೆಯ ಖಾಲಿ ಕುರ್ಚಿ ತುಂಬಲು ಕೇರಿಗಳ ಹೆಂಗಸರನ್ನೂ ಕರೆತಂದಿದ್ದರು. ಅವರಲ್ಲಿ ಲೂರಿಂಗ್ ಇದ್ದಳು. ಕೂದಲು ನೆರೆತಿತ್ತು. ಚೀಟಿ ಓದಿದಳು. ಆಮೇಲೆ ಹಳೆಯ ಅಭ್ಯಾಸದಂತೆ ಕುಕ್ಕರಗಾಲಿನಲ್ಲಿ ಕೂತು ಗಾಜಿನ ಅಡಿಯಿಂದ ನನ್ನನ್ನು ನೋಡಿದಳು. ನನ್ನನ್ನು ಆ ಕಡೆಯಿಂದ ನೋಡಿದವರು ಅವಳೊಬ್ಬಳೇ.

“ಏನು ಹುಡುಕ್ತಿದೀರಾ ಅಜ್ಜಿ?” ಎಂದಳು, ಬಂದವರಿಗೆ ವಸ್ತುಗಳನ್ನು ವಿವರಿಸುವ ಹುಡುಗಿ.

“ಏನಿಲ್ಲಮ್ಮ. ಚೆನ್ನಾಗಿಟ್ಟಿದೀರಾ. ತುಕ್ಕು ಹಿಡಿದಿಲ್ಲ.”

ಆ ದನಿಗೆ ಮಾಯೆಸ್ತ್ರಾ ತಿರುಗಿದಳು. ಲೂರಿಂಗ್ ಎದ್ದಿರಲಿಲ್ಲ. ಅವಳ ಕಣ್ಣ ಮಟ್ಟಕ್ಕೆ ಮಾಯೆಸ್ತ್ರಾಳ ಚಪ್ಪಲಿ ಇತ್ತು, ಚಪ್ಪಲಿಯ ತುದಿ ದಾಟಿ ಸೊಟ್ಟಗೆ ಬೆಳೆದ ಹಳದಿ ಉಗುರಿತ್ತು.

“ಈಗ ಯಾರು ತೆಗೀತಾರೆ ಮಾಯೆಸ್ತ್ರಾ?”

“ಯಾರೂ ಇಲ್ಲ ಲೂರಿಂಗ್. ನೀನು…”

“ನಾನು ತೆಗೀತಿದ್ದೆ. ಕೈ ನಡುಗುತ್ತಲ್ಲ.”

ಹಾಗೆಂದು ಲೂರಿಂಗ್ ಬಲಗೈ ಮುಂದೆ ಚಾಚಿದಳು. ಮೀನಿನ ಹುರುಪೆ ಕೊಯ್ದ ಗೀರುಗಳ ಕೈ. ಅದು ಗಾಳಿಯಲ್ಲಿ ಹಲಗೆಯ ಹಾಗೆ ನಿಂತಿತ್ತು. ಫೋಟೊ ತೆಗೆಯುವವನು “ನಗಿ, ನಗಿ” ಎನ್ನುತ್ತಿದ್ದ. ಮಾಯೆಸ್ತ್ರಾ ಎರಡೂ ಕಾಲನ್ನು ಹಿಂದೆಳೆದು ಲಂಗದ ಅಂಚಿನೊಳಗೆ ಮುಚ್ಚಿಕೊಂಡಳು.

ಲೂರಿಂಗ್ ಗಾಜು ತಟ್ಟಲಿಲ್ಲ, ನನ್ನನ್ನು ವಾಪಸ್ ಕೇಳಲಿಲ್ಲ. ಮಾಯೆಸ್ತ್ರಾ ಆಮೇಲೆ ಎರಡು ವರ್ಷ ಬದುಕಿದ್ದಳು. ಚೀಟಿ ಬದಲಾಗಲಿಲ್ಲ.

ಈಗ ನನಗೆ ಕೆಲಸವಿಲ್ಲ. ಕಾಗದವೂ ಇಲ್ಲ, ಉಗುರೂ ಇಲ್ಲ. ಲೂರಿಂಗ್ ಜೊತೆ ಜನರ ಕಾಲಬುಡದಲ್ಲಿ ಮಾಡಿದ ಕೆಲಸಕ್ಕೆ ನಾನು ಹೇಸಿದ್ದೆ. ಈಗ ಜನ ನನ್ನೆದುರು ಕೈಕಟ್ಟಿ ನಿಲ್ಲುತ್ತಾರೆ, ನನಗೆ ಅವರ ಮುಖ ನೋಡಲಾಗುವುದಿಲ್ಲ. ನೀವು ಬಂದರೆ ನಿಂತು ನೋಡಬೇಡಿ. ಕೂತು, ಕೆಳಗಿನಿಂದ ನೋಡಿ. ಬಳೆಯ ಸಂದಿನಲ್ಲಿ ಒಂದು ಕೆಂಪು ಚುಕ್ಕೆ ಇನ್ನೂ ಇದೆ.