ಏಳನೇ ಮಡಿ

ದ್ರಾಕ್ಷಾಯಣಿಯ ಮನೆಯಲ್ಲಿ ಮಜ್ಜಿಗೆ ಕುಡಿದರೆ ಕರುಳಿಗೆ ಸೀಸ ಇಳಿಯುತ್ತದೆ ಎಂದು ಗಜೇಂದ್ರಗಡದ ನೇಕಾರ ಓಣಿಯಲ್ಲಿ ಮೊದಲು ಹೇಳಿದವನು ಗೊಬ್ಬರದಂಗಡಿಯ ಮಹಾಲಿಂಗಪ್ಪ. ಹೇಳಿದ್ದು ನಗೆಗೆ. ಆದರೆ ಮರುದಿನದಿಂದ ಆಕೆಯ ಕಟ್ಟೆಗೆ ಬಂದು ಕೂತ ಹೆಂಗಸರು ಒಬ್ಬೊಬ್ಬರೂ ‘ಈಗರ ಕುಡದ ಬಂದೆನವಾ’ ಎನ್ನತೊಡಗಿದರು. ಅರವತ್ತೆರಡರ ದ್ರಾಕ್ಷಾಯಣಿ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು.

ಮಾತಿಗೆ ಕಾರಣ ಇರಲಿಲ್ಲವೆಂದಲ್ಲ. ಓಣಿಯ ಹಿಂದೆ, ಗುಡ್ಡದ ಬುಡದಲ್ಲಿ ಆಕೆಗೆ ಹದಿನೆಂಟು ಗುಂಟೆ ಎರೆಹೊಲವಿತ್ತು. ಗಂಡ ಬದುಕಿದ್ದಾಗ ಅದನ್ನು ಯಾರೋ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದು, ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಕೆಲಸ ಮಾಡಿದ್ದರು. ಅವರು ಗಂಟುಮೂಟೆ ಕಟ್ಟಿ ಹತ್ತು ವರ್ಷವಾಗಿತ್ತು, ಸೀಸ ಮಾತ್ರ ಮಣ್ಣಿನಲ್ಲೇ ಉಳಿದಿತ್ತು. ಅದನ್ನು ಪತ್ತೆ ಹಚ್ಚಿದವಳು ಧಾರವಾಡದಿಂದ ಬಂದ ಮಣ್ಣು ವಿಜ್ಞಾನಿ ನಿರ್ಮಲಾ. ಹುಟ್ಟಿದ್ದು ಶಿರೋಳದ ಒಕ್ಕಲುಮನೆಯಲ್ಲಿ, ವಯಸ್ಸು ಮೂವತ್ತನಾಲ್ಕು, ಮಾತು ಕಡಿಮೆ.

“ಅಮ್ಮಾರ, ಮಣ್ಣಿನ್ಯಾಗಿನ ಸೀಸ ತಗದ ಹಾಕೂದು ಕಷ್ಟ ಐತ್ರಿ,” ಎಂದಿದ್ದಳು ಆಕೆ ಜೂನ್ ತಿಂಗಳಲ್ಲಿ. “ಆದರ ಅದು ಬೆಳಿಯೊಳಗ ಏರಧಂಗ ಕಟ್ಟಿ ಹಾಕಬಹುದು. ಏನ ಹಾಕಿದರ ಚಲೋ ಕಟ್ಟತೈತಿ ಅಂತ ನಿಮ್ಮ ಹೊಲದಾಗ ನೋಡಬೇಕಂತ ಮಾಡೇನಿ.”

“ನೋಡ್ರಿ. ಹೆಂಗೂ ಅಲ್ಲಿ ಈಗ ಹಲ್ಲಿನೂ ಹಾಯೂದಿಲ್ಲ,” ಎಂದಳು ದ್ರಾಕ್ಷಾಯಣಿ.

ಹೊಲದಲ್ಲಿ ಸಣ್ಣ ಬದು ಹಾಕಿ ಹನ್ನೆರಡು ಮಡಿ ಮಾಡಿದರು. ಮೂರಕ್ಕೆ ಎಲುಬಿನ ಬೂದಿ, ಮೂರಕ್ಕೆ ಹತ್ತಿಕಟ್ಟಿಗೆಯ ಇದ್ದಿಲ ಪುಡಿ, ಮೂರಕ್ಕೆ ಕಳಿತ ಸಗಣಿಗೊಬ್ಬರ. ಉಳಿದ ಮೂರು ಮಡಿ ಹೋಲಿಸಿ ನೋಡುವುದಕ್ಕೆಂದು ಬರಿದೇ ಇದ್ದವು. ಎಲ್ಲವನ್ನೂ ಆಳವಾಗಿ ಕಲಸಿ ಒಂದು ಮಳೆ ಬಿದ್ದ ಮೇಲೆ ಕಪ್ಪು ಎರೆಯಲ್ಲಿ ಯಾವುದು ಯಾವುದೆಂದು ತಿಳಿಯುವಂತಿರಲಿಲ್ಲ. ತಿಳಿಯಲೂಬಾರದು ಎನ್ನುವುದೇ ನಿರ್ಮಲಾಳ ನಿಯಮ. ಅಳೆಯುವವರಿಗೆ ಗೊತ್ತಿದ್ದರೆ ಕಣ್ಣು ತನಗೆ ಬೇಕಾದ ಕಡೆ ವಾಲುತ್ತದೆ ಎನ್ನುತ್ತಿದ್ದಳು. ಹಾಗಾಗಿ ಹೆಸರಿನ ಬದಲು ಗೂಟಕ್ಕೆ ಬಣ್ಣದ ನೂಲು ಕಟ್ಟಿದರು. ನೂಲು ದ್ರಾಕ್ಷಾಯಣಿಯ ಮಗ್ಗದ್ದು: ಕೆಂಪು, ಹಸಿರು, ನೀಲಿ, ಹಳದಿ. ಬಣ್ಣದ ಅರ್ಥ ನಿರ್ಮಲಾಳ ವಹಿಯಲ್ಲಿತ್ತು, ವಹಿ ಆಕೆಯ ಬ್ಯಾಗಿನಲ್ಲಿತ್ತು, ಬ್ಯಾಗು ಸದಾ ಆಕೆಯ ಹೆಗಲ ಮೇಲಿತ್ತು.

ಬಿತ್ತಿದ್ದು ಪಾಲಕ್. ಲೋಹವನ್ನು ಲಗೂನೆ ಹೀರುವ ಸೊಪ್ಪು ಅದು. ಮೂರು ವಾರಕ್ಕೆ ಅದು ಎಷ್ಟು ಸೊಗಸಾಗಿ ಎದ್ದಿತೆಂದರೆ ‘ತಿನ್ನಬಾರದು’ ಎಂಬ ಫಲಕವನ್ನು ಓದಿಯೂ ಓಣಿಯ ಹೆಂಗಸರು ಬೇಲಿಯ ಹತ್ತಿರ ಸುಳಿಯತೊಡಗಿದರು. ನಿರ್ಮಲಾ ಸೀಸದ ಅಪಾಯವನ್ನು ಅರ್ಧ ತಾಸು ವಿವರಿಸಿದಳು. ಎಲ್ಲರೂ ತಲೆದೂಗಿದರು. ಆಕೆ ಬಸ್ಸು ಹತ್ತಿದ ಮೇಲೆ ದ್ರಾಕ್ಷಾಯಣಿ ಒಬ್ಬಳ ಕಿವಿಯಲ್ಲಿ ಮಾತ್ರ, ಆ ಸೊಪ್ಪು ತಿಂದವರಿಗೆ ಮೀಸೆ ಬರುತ್ತದಂತೆ, ಮೇಡಮ್ಮಿಗೆ ಹೇಳಲು ನಾಚಿಕೆ ಎಂದಳು. ಸಂಜೆಯ ಹೊತ್ತಿಗೆ ಬೇಲಿಯ ಹತ್ತಿರ ಯಾರೂ ಇರಲಿಲ್ಲ.

ಹೆದರದವನು ಮಹಾಲಿಂಗಪ್ಪ ಒಬ್ಬನೇ. ಅವನ ಅಂಗಡಿಯಲ್ಲಿ ಆ ವರ್ಷ ‘ಮಣ್ಣಿನ ಟಾನಿಕ್’ ಎಂಬ ಬೂದುಬಣ್ಣದ ಪುಡಿ ಬಂದಿತ್ತು. ಊರೂರು ತಿರುಗುವ ಏಜೆಂಟನೊಬ್ಬ ಇಳಿಸಿ ಹೋದ ಚೀಲಗಳು. ಅದನ್ನೂ ಪ್ರಯೋಗಕ್ಕೆ ಸೇರಿಸಿರೆಂದು ಮಹಾಲಿಂಗಪ್ಪ ನಿರ್ಮಲಾಳನ್ನು ಕೇಳಿದ್ದ. ಒಳಗೇನಿದೆ ಎಂದು ಬರೆಯದ ಚೀಲವನ್ನು ಮುಟ್ಟಲಾರೆ ಎಂದಿದ್ದಳು ಆಕೆ. ಅವನಿಗೆ ಅದು ಚುಚ್ಚಿತ್ತು. ಹೇಗಾದರೂ ತನ್ನ ಪುಡಿಯ ಗುಣ ತೋರಿಸಬೇಕೆಂದು ಕಾದಿದ್ದ.

ಒಂದು ದಿನ ದ್ರಾಕ್ಷಾಯಣಿ ಮಗ್ಗದ ಮೇಲಿದ್ದಾಗ ಅವನು ಕಿಟಕಿಯ ಹತ್ತಿರ ಬಂದು ನಿಂತ.

“ದ್ರಾಕ್ಷಾಯಣವ್ವಾ, ಮೇಡಮ್ಮಾರ ಮನಸು ಯಾವ ಬಣ್ಣದ ಮ್ಯಾಲೈತಿ?”

ಆಕೆಗೂ ಬಣ್ಣದ ಅರ್ಥ ಗೊತ್ತಿರಲಿಲ್ಲ. ಆದರೆ ದಿನವೂ ನೋಡುವ ಕಣ್ಣಿಗೆ ಹಳದಿ ನೂಲಿನ ಮೂರು ಮಡಿಗಳೂ ಉಳಿದವುಗಳಿಗಿಂತ ಎರಡು ಬೆರಳು ಗಿಡ್ಡ ಎನ್ನುವುದು ಕಂಡಿತ್ತು. ಲಾಳಿ ಎಸೆಯುತ್ತಲೇ ಆಕೆ ಹೇಳಿದಳು, “ಹಳದಿ.”

“ಅವು ಗಿಡ್ಡ ಅದಾವಲ್ಲ.”

“ಎತ್ತರ ಬೆಳದದ್ದು ವಿಷಾ ಜಗ್ಗಿ ಬೆಳದಿರತೈತಿ. ಗಿಡ್ಡ ಇದ್ದದ್ದು ಸಂಭಾವಿತ.”

ಇದು ಶುದ್ಧ ಸುಳ್ಳು. ಮಹಾಲಿಂಗಪ್ಪ ಗಂಭೀರವಾಗಿ ತಲೆಯಾಡಿಸಿ ಹೋದ.

ಎರಡು ದಿನದ ಮೇಲೆ, ಮಧ್ಯಾಹ್ನ ಉಂಡು ಓಣಿಯೆಲ್ಲ ಅಡ್ಡಾದ ಹೊತ್ತಿಗೆ, ಅವನು ಧೋತರದ ಚುಂಗಿನಲ್ಲಿ ಏನೋ ಕಟ್ಟಿಕೊಂಡು ಬೇಲಿ ದಾಟಿದ. ದಪ್ಪ ಮನುಷ್ಯ. ದಾಟುವಾಗ ಒಮ್ಮೆ ಸಿಕ್ಕಿಬಿದ್ದು ಮುಳ್ಳಿನ ಜೊತೆ ಬಹಳ ಹೊತ್ತು ಪಿಸುಮಾತಿನಲ್ಲಿ ಜಗಳಾಡಿದ. ಬೇಲಿಗೆ ಹತ್ತಿದ್ದ ಏಳನೇ ಮಡಿಗೆ, ಹಳದಿ ನೂಲಿನದಕ್ಕೆ, ಬೂದು ಪುಡಿ ಎರಚಿ, ಕಾಲಿಂದ ಮಣ್ಣು ಎಳೆದು ಮುಚ್ಚಿದ. ಹೊಲದ ಕಡೆಯ ಕಿಟಕಿಯಲ್ಲಿ ದ್ರಾಕ್ಷಾಯಣಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಕೂಗಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಸೆಪ್ಟೆಂಬರಿನಲ್ಲಿ ಸೊಪ್ಪು ಕೊಯ್ದು, ಒಣಗಿಸಿ, ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಹಿಡಿದು ಬಂದ ನಿರ್ಮಲಾಳ ಮುಖ ಸೋತಿತ್ತು. ಚಹಾ ಕೊಟ್ಟರೆ ಬಟ್ಟಲು ಕೈಯಲ್ಲೇ ಆರಿತು.

“ಹನ್ನೊಂದು ಮಡಿ ಸರಿ ಅದಾವ್ರಿ. ಏಳನೇದ್ರಾಗ ಕ್ಯಾಡ್ಮಿಯಂ ಬಂದೈತಿ. ಈ ಹೊಲದಾಗ ಅದು ಇಲ್ಲೇ ಇಲ್ಲ. ಸೀಸದಕಿಂತ ಕೆಟ್ಟ ಲೋಹ ಅದು, ಮೂತ್ರಪಿಂಡ ತಿಂತೈತಿ. ನನ್ನ ಕುಡಗೋಲಿನಿಂದ ಬಂತೋ, ಸೊಪ್ಪ ತುಂಬಿದ ಚೀಲದಿಂದ ಬಂತೋ. ಎರಡ ಸಲ ಪರೀಕ್ಷಾ ಮಾಡಸೀನಿ. ಎಂಟ ದಿನ ಆತು ನಿದ್ದಿಲ್ಲ. ನನ್ನ ಕೈಯಾಗ ಏನೋ ತಪ್ಪ ಆಗೈತ್ರಿ.”

ದ್ರಾಕ್ಷಾಯಣಿಗೆ ಆಗ ನಗು ಬರಲಿಲ್ಲ. ಈ ಹುಡುಗಿ ಎಂಟು ದಿನ ತನ್ನ ಕೈಯನ್ನೇ ಬೈದುಕೊಂಡಿದ್ದಳು. ದ್ರಾಕ್ಷಾಯಣಿ ಅವಳ ಕೈಯಿಂದ ಬಟ್ಟಲು ತೆಗೆದು ಕೆಳಗಿಟ್ಟು ಎಲ್ಲವನ್ನೂ ಹೇಳಿದಳು: ಕಿಟಕಿ, ಹಳದಿ, ಬೇಲಿ, ಬೂದು ಪುಡಿ.

ನಿರ್ಮಲಾ ಫಲಿತಾಂಶದ ಕಾಗದ ಮಡಿಚಿ ಬ್ಯಾಗಿಗೆ ಹಾಕಿದಳು. ಆಮೇಲೆ, “ನಿಮಗ ಇದು ಆಟ ಅನಿಸ್ತೇನ್ರಿ?” ಎಂದಳು. ದನಿ ಏರಲಿಲ್ಲ, ಅದಕ್ಕೇ ಹೆಚ್ಚು ನಟ್ಟಿತು.

“ಅನಿಸಿತ್ತವ್ವಾ,” ಎಂದಳು ದ್ರಾಕ್ಷಾಯಣಿ. “ತಪ್ಪ ನಂದು.”

ಆ ಸಂಜೆಯೇ ನಿರ್ಮಲಾ ಅಂಗಡಿಯಿಂದ ಒಂದು ಚೀಲ ಟಾನಿಕ್ ಕೊಂಡು ಪರೀಕ್ಷೆಗೆ ಕಳಿಸಿದಳು. ಹದಿನೈದು ದಿನಕ್ಕೆ ಉತ್ತರ ಬಂತು. ಯಾವುದೋ ಕಾರ್ಖಾನೆಯ ಬೂದಿ. ಸತುವಿನ ಜೊತೆ ಕ್ಯಾಡ್ಮಿಯಂ ತುಂಬಿತ್ತು. ಆಕೆ ಕಾಗದ ಹಿಡಿದು ಮಹಾಲಿಂಗಪ್ಪನ ಹತ್ತಿರ ಒಬ್ಬಳೇ ಹೋದಳು. ನಾಲ್ಕು ಮಂದಿಯೆದುರು ಒಬ್ಬನ ಮಾನ ಕಳೆಯುವುದು ಆಕೆಗೆ ಬೇಕಿರಲಿಲ್ಲ.

“ಕಾಗದದಾಗ ಏನರ ಬರೀತಾರ,” ಎಂದ ಅವನು, ಕಾಗದ ಓದದೆ, ಏಳನೇ ಮಡಿಯ ಮಾತು ಬರುವ ಮೊದಲೇ. “ನಿಮ್ಮ ಹೊಲದ ಕಡೆ ನಾ ಕಾಲ ಸೈತ ಇಟ್ಟಿಲ್ರಿ. ನನ್ನ ಮಾಲಿನ ಮ್ಯಾಲ ನಿಮಗ್ಯಾಕ ಕಣ್ಣು?”

ನಿರ್ಮಲಾ ಕೃಷಿ ಇಲಾಖೆಗೆ ಪತ್ರ ಬರೆದು ಹಾಕಿದಳು. ಆದರೆ ಪತ್ರ ಹೋಗಿ ಮುಟ್ಟುವಷ್ಟರಲ್ಲಿ ಸುತ್ತಲಿನ ಜಕ್ಕಲಿ, ಮುಶಿಗೇರಿಯ ಹೊಲಗಳಿಗೆ ಎಷ್ಟು ಚೀಲ ಹೋಗುತ್ತವೋ. ಆ ಚಿಂತೆ ಹೇಳಿದಾಗ ದ್ರಾಕ್ಷಾಯಣಿ, “ಮುಂದಿನ ವಾರ ಹೊಲದಾಗ ಮಂದೀನ ಕರದೀರಲ್ಲ, ಅವತ್ತ ನಂಗ ಎರಡ ಮಾತ ಆಡಾಕ ಕೊಡ್ರಿ,” ಎಂದಳು. “ಒಂದೂ ಸುಳ್ಳ ಹೇಳೂದಿಲ್ಲ.”

ನಿರ್ಮಲಾ ಅನುಮಾನದಿಂದ ನೋಡಿ, ಒಪ್ಪಿದಳು.

ಪ್ರಯೋಗದ ಫಲ ತೋರಿಸುವ ಕ್ಷೇತ್ರೋತ್ಸವಕ್ಕೆ ಎಪ್ಪತ್ತು ಜನ ಸೇರಿದ್ದರು. ಮುಂದಿನ ಸಾಲಿನಲ್ಲಿ ಮಹಾಲಿಂಗಪ್ಪ, ಇಸ್ತ್ರಿ ಅಂಗಿ, ಹಣೆಗೆ ಢಾಳಾದ ವಿಭೂತಿ. ಹೆಂಗಸರ ಗುಂಪಿನಲ್ಲಿ ಅವನ ಹೆಂಡತಿ ಸಿದ್ದವ್ವ. ದ್ರಾಕ್ಷಾಯಣಿ ಎದ್ದು ನಿಂತು ಸೆರಗು ಸರಿಮಾಡಿಕೊಂಡಳು.

“ನಾ ಸಾಲಿ ಕಲಿತಾಕಿ ಅಲ್ಲ. ಕಂಡದ್ದ ಹೇಳ್ತೀನಿ. ಹನ್ನೆರಡ ಮಡಿಯೊಳಗ ಏಳನೇದು ಎಲ್ಲಾದರಕಿಂತ ಬ್ಯಾರೆ ಬಂದೈತಿ. ಅಂಥಾದ್ದು ಮೇಡಮ್ಮಾರ ಎಲ್ಲೂ ನೋಡಿಲ್ಲಂತ. ಧಾರವಾಡದಾಗ ಎರಡೆರಡ ಸಲ ಪರೀಕ್ಷಾ ಮಾಡಿದರು. ಮೇಡಮ್ಮಾರು ಹಾಕಿದ್ದರಿಂದ ಹಂಗ ಆಗಿಲ್ಲ. ಯಾರ ಕೈಗುಣಾನೋ.”

ಜನ ಏಳನೇ ಮಡಿಯ ಕಡೆ ತಿರುಗಿದರು. ಮಹಾಲಿಂಗಪ್ಪನ ಕುರ್ಚಿ ಕಿರುಗುಟ್ಟಿತು. ಅವನು ಒಮ್ಮೆ ಕೆಮ್ಮಿದ, ಪಕ್ಕದವನನ್ನು ನೋಡಿದ, ಮತ್ತೆ ಕೆಮ್ಮಿದ. ತಡೆದುಕೊಳ್ಳಲು ಅವನು ಪಟ್ಟ ಪ್ರಯತ್ನ ಎಲ್ಲರಿಗೂ ಕಂಡಿತು. ಕೊನೆಗೆ ಎದ್ದ.

“ಹೇಳಬಾರದಂತ ಇದ್ದೆ,” ಎಂದ. “ಅದು ನನ್ನ ಟಾನಿಕ್. ನಾನ ನನ್ನ ಕೈಯಾರ ಹಾಕೇನಿ. ಎರಡ ಬೊಗಸಿ.”

ಯಾರೋ ಚಪ್ಪಾಳೆ ತಟ್ಟಿದರು. ಅವನು ಕೈಮುಗಿದು ಸುತ್ತಲೂ ತಿರುಗಿದ.

ನಿರ್ಮಲಾ ಎದ್ದು ಬಂದಳು. ವಹಿ ತೆರೆದು ಬಣ್ಣಗಳ ಅರ್ಥ ಓದಿದಳು. ಕೆಂಪು ಎಲುಬಿನ ಬೂದಿ. ಅದರಲ್ಲಿ ಬೆಳೆದ ಸೊಪ್ಪಿಗೆ ಏರಿದ ಸೀಸ ಅರ್ಧಕ್ಕಿಂತ ಕಡಿಮೆ. ಹಸಿರು ಇದ್ದಿಲು, ನೀಲಿ ಸಗಣಿಗೊಬ್ಬರ, ಎರಡೂ ತಕ್ಕಮಟ್ಟಿಗೆ. ಹಳದಿಗೆ ಏನೂ ಹಾಕಿರಲಿಲ್ಲ. ಆಮೇಲೆ, ಮಹಾಲಿಂಗಪ್ಪನ ಮುಖ ನೋಡದೆ, ಏಳನೇ ಮಡಿಯಲ್ಲಿ ಬಂದದ್ದೇನು, ಟಾನಿಕ್ ಚೀಲದಲ್ಲಿ ಸಿಕ್ಕಿದ್ದೇನು, ಅದು ಮನುಷ್ಯರ ಮೈಯಲ್ಲಿ ಮಾಡುವುದೇನು ಎಂದು ಸಣ್ಣ ಸಣ್ಣ ಮಾತಿನಲ್ಲಿ ಹೇಳಿದಳು.

ಕೆಲವರು ನಕ್ಕರು. ಟಾನಿಕ್ ಕೊಂಡಿದ್ದವರು ನಗಲಿಲ್ಲ. ಆಗ ಹೆಂಗಸರ ಗುಂಪಿನಿಂದ ಸಿದ್ದವ್ವನ ದನಿ ಬಂತು.

“ನಮ್ಮ ಹಿತ್ತಲದಾಗ ಬದನಿಕಾಯಿಗೆ ಹಾಕೀರಲ್ಲ, ಅದೂ ಇದನೇನು?”

ಮಹಾಲಿಂಗಪ್ಪ ಕುರ್ಚಿ ಹುಡುಕಿಕೊಂಡು ಕೂತ. ಅವನ ಮುಖದಲ್ಲಿ ಈಗ ಮಾನದ ಚಿಂತೆ ಇರಲಿಲ್ಲ. ಆ ಬದನೆಕಾಯಿಯನ್ನು ಅವನ ಮೊಮ್ಮಕ್ಕಳೂ ತಿಂದಿದ್ದರು. ಮಾರಿದ್ದನ್ನು ನಂಬಿ ಮಾರಿದ್ದ. ಅವನನ್ನು ಬಯಲಿಗೆಳೆದ ದ್ರಾಕ್ಷಾಯಣಿಗೆ ಅದು ಗೊತ್ತಾದದ್ದು ಅದೇ ಗಳಿಗೆಯಲ್ಲಿ. ಆಕೆ ನೀರಿನ ತಂಬಿಗೆ ಒಯ್ದು ಅವನ ಮುಂದೆ ಹಿಡಿದಳು. ಅವನು ಒಂದೇ ಉಸಿರಿಗೆ ಕುಡಿದ.

ಮರುದಿನ ನಿರ್ಮಲಾ ಅವನ ಮನೆಯವರನ್ನೆಲ್ಲ ದವಾಖಾನೆಗೆ ಕರೆದೊಯ್ದಳು. ರಕ್ತ, ಮೂತ್ರದ ಪರೀಕ್ಷೆಯಲ್ಲಿ ಹೆದರುವಂಥದ್ದೇನೂ ಬರಲಿಲ್ಲ. ಬದನೆಗಿಡ ಕಿತ್ತುಹಾಕಿರೆಂದು ಡಾಕ್ಟರು ಹೇಳಿದರು. ಮಹಾಲಿಂಗಪ್ಪ ಉಳಿದ ಚೀಲಗಳನ್ನು ಕೃಷಿ ಇಲಾಖೆಯವರಿಗೆ ಒಪ್ಪಿಸಿದ. ಆಮೇಲೆ ಜಕ್ಕಲಿ, ಮುಶಿಗೇರಿಗೆ ಸೈಕಲ್ ಮೋಟರಿನ ಮೇಲೆ ಹೋಗಿ, ಯಾರ್‍ಯಾರಿಗೆ ಮಾರಿದ್ದನೋ ಅವರ ಮನೆ ಬಾಗಿಲಿಗೆ ನಿಂತು, ಹಾಕಬೇಡಿರೆಂದು ಬೇಡಿಕೊಂಡ. ಮುಶಿಗೇರಿಯಲ್ಲಿ ಒಬ್ಬ ನಾಯಿ ಬಿಟ್ಟನಂತೆ. ಅದನ್ನು ಅವನೇ ಓಣಿಯಲ್ಲಿ ಹೇಳಿಕೊಂಡು ನಗಿಸಿದ.

ಮುಂದಿನ ಮಳೆಗಾಲಕ್ಕೆ ನಿರ್ಮಲಾ ಹೊಸ ಪ್ರಯೋಗ ಹೂಡಿದ್ದು ಅವನ ಹಿತ್ತಲಲ್ಲಿ, ಕ್ಯಾಡ್ಮಿಯಂ ಕಟ್ಟಿಹಾಕುವುದಕ್ಕೆ. ಒಂಬತ್ತು ಮಡಿ. ಕಾವಲಿಗೆ ಸಿದ್ದವ್ವ. ಆಕೆ ಹಿತ್ತಲ ಬಾಗಿಲಿಗೆ ಕೀಲಿ ಜಡಿದು, ಕೀಲಿಕೈಯನ್ನು ತಾಳಿಯ ಜೊತೆ ಪೋಣಿಸಿಕೊಂಡಳು.

ಒಂದು ಮಧ್ಯಾಹ್ನ ದ್ರಾಕ್ಷಾಯಣಿ ಆ ಕಡೆ ಹೋದಾಗ ಮಹಾಲಿಂಗಪ್ಪ ಮುಚ್ಚಿದ ಬಾಗಿಲ ಸಂದಿಗೆ ಕಣ್ಣು ಹಚ್ಚಿ ಬಗ್ಗಿ ನಿಂತಿದ್ದ.

“ಏನ ನೋಡಾಕತ್ತೀರಿ?”

“ಏನಿಲ್ಲ,” ಎಂದ ಅವನು, ಸೊಂಟ ನೆಟ್ಟಗೆ ಮಾಡುತ್ತ. “ಮೂರನೇದು ಗಿಡ್ಡ ಅನಸ್ತೈತಿ. ಒಂದೀಟ ನೀರರ ಹಾಕಿ ಬರ್‍ತಿದ್ದೆ, ಆಕಿ ಕೀಲಿ ಕೊಡವೊಲ್ಲಳು.”